ಗಾಡಿ ರಂಜಿತಳ ಹೆಸರಿನಲ್ಲಿದೆ

"ಲೇ ರಂಜಿತ, ಗಾಡಿ ಎತ್ಲಾ! ಮುಂದ್ಕೆ ಜಾಗ ಖಾಲಿ ಬಿದ್ದೈತೆ, ಕಣ್ ಕಾಣಾಕಿಲ್ವಾ?"

ರಂಜಿತ ನಿಂತಲ್ಲೇ ತಿರುಗಿ ನೋಡಿದಳು. ಕೂಗಿದವನು ಅವಳ ಕಡೆ ನೋಡುತ್ತಲೇ ಇರಲಿಲ್ಲ. ಕಬ್ಬು ತುಂಬಿದ ಟ್ರೈಲರಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಆ ಮುದುಕ, ಮುಂದೆ ನಿಂತಿದ್ದ ಟ್ರಾಕ್ಟರಿನತ್ತ ಒಂದು ಕಬ್ಬಿನ ತುಂಡು ಎಸೆದು ಮತ್ತೊಮ್ಮೆ "ಲೇ ರಂಜಿತ" ಅಂದ. ಆ ಟ್ರಾಕ್ಟರಿನ ಸೀಟಿನಲ್ಲಿ ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗಿದ್ದ ಗಂಡಸು "ಬಂದೆ ಕಣ್ಲಾ, ತಡಿ" ಎಂದು ಗೊಣಗುತ್ತ ಎದ್ದು ಕೂತ. ಅವನು ರಂಜಿತಳ ಗಂಡನ ಅಣ್ಣ ರಂಗಸ್ವಾಮಿ.

ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಟೋಕನ್ನು ಕೊಡುವಾಗ ಗಾಡಿಯ ಮಾಲೀಕರ ಹೆಸರು ಬರೆಯುತ್ತಾರೆ. ತೂಕದ ಮನೆಯ ಮೈಕಿನಲ್ಲೂ ಅದೇ ಹೆಸರು ಕೂಗುತ್ತಾರೆ. ಮೂರು ಹಂಗಾಮುಗಳಿಂದ ಮೈಕು "ರಂಜಿತ, ರಂಜಿತ" ಎಂದಾಗಲೆಲ್ಲ ಐವತ್ತು ದಾಟಿದ, ದಪ್ಪ ಮೀಸೆಯ ರಂಗಸ್ವಾಮಿ ಗಾಡಿ ಹೊಡೆದುಕೊಂಡು ಹೋಗಿ ತೂಕಕ್ಕೆ ನಿಲ್ಲಿಸಿದ್ದರಿಂದ ಸಾಲಿನ ಗಂಡಸರೆಲ್ಲ ಅವನನ್ನು ಆ ಹೆಸರಿನಿಂದಲೇ ಕರೆಯತೊಡಗಿದ್ದರು. ಅವನಿಗೂ ಅದು ಅಭ್ಯಾಸವಾಗಿಹೋಗಿತ್ತು. ಅಭ್ಯಾಸವಿಲ್ಲದೆ ಬೆಚ್ಚಿದವಳು ನಿಜವಾದ ರಂಜಿತ ಒಬ್ಬಳೇ. ತಾನು ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿರುವ ಹೊತ್ತಿನಲ್ಲಿ ತನ್ನ ಹೆಸರು ಮಾಕವಳ್ಳಿಯ ಈ ರಸ್ತೆಯಲ್ಲಿ ಬೀಡಿ ಸೇದುತ್ತಿತ್ತು, ಬೈಸಿಕೊಳ್ಳುತ್ತಿತ್ತು, ಚಳಿಯಲ್ಲಿ ಟವೆಲು ಹೊದ್ದು ಮಲಗುತ್ತಿತ್ತು.

"ಏನವ್ವ, ಇಲ್ಗೇ ಬಂದ್ಬುಟ್ಟೆ? ಅವ್ವಂಗೇನಾದ್ರೂ ಆಯ್ತಾ?" ರಂಗಸ್ವಾಮಿ ಗಾಬರಿಯಾದ.

"ಅತ್ತೆ ಚೆನ್ನಾಗವ್ರೆ. ಆಫೀಸಿಗೆ ಅರ್ಧ ದಿನ ರಜ ಹಾಕಿ ಬಂದೆ. ಇಳೀರಿ ಭಾವ, ಮಾತಾಡ್ಬೇಕು."

"ಇಳುದ್ರೆ ಸಾಲು ತಪ್ತದೆ. ನೀನೇ ಮೇಲಕ್ ಅತ್ಕ."

ಹಿಂದಿನ ಗಾಡಿಯ ಮುದುಕ ಬಿಡಲಿಲ್ಲ. "ಯಾರ್ಲಾ ಅದು, ಇಷ್ಟ್ ಚೆಂದಾಗಿ ಸೀರೆ ಉಟ್ಕಂಡು ನಿನ್ನಂತೋನ್ನ ಉಡಿಕ್ಕಂಡ್ ಬಂದಿರೋರು?"

"ಲೇ ಕುಳ್ಳಯ್ಯ, ಬಾಯ್ ಮುಚ್ಲಾ. ಗಾಡಿ ಓನರ್ರು ಕಣ್ಲಾ. ಇವ್ರೇ ರಂಜಿತ."

ಕುಳ್ಳಯ್ಯ ಕೂತಲ್ಲಿಂದಲೇ ಕತ್ತು ಚಾಚಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇವ್ರಾ! ಅಯ್ಯೋ ಕಣವ್ವ, ನಿನ್ನೆಸ್ರು ಇಡ್ಕಂಡು ಈ ನನ್ಮಗುನ್ನ ಎಂತೆಂತಾ ಬೈಗ್ಳ ಬೈದಿವ್ನಿ ಗೊತ್ತಾ? ಬೇಜಾರ್ ಮಾಡ್ಕಬ್ಯಾಡ."

ರಂಜಿತ ನಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತಳು. ತಗಡು ಕಾದಿತ್ತು. ಬಾನೆಟ್ಟಿನ ಮೇಲೆ ಕೆಂಪು ಹಳದಿ ಬಣ್ಣದಲ್ಲಿ ಮನೆಯ ಮಕ್ಕಳ ಹೆಸರುಗಳು, ಮನೆದೇವರ ಹೆಸರು, ತೀರಿಹೋದ ಮಾವನ ಹೆಸರು ಎಲ್ಲ ಇದ್ದವು. ಅವಳ ಹೆಸರು ಇದ್ದದ್ದು ಕಾಗದದಲ್ಲಿ ಮಾತ್ರ.

ಆ ಕಾಗದವೇ ಬೆಳಿಗ್ಗೆ ಅವಳನ್ನು ಹಿಡಿದು ಅಲುಗಾಡಿಸಿತ್ತು.

ರಂಜಿತ ಕೆ.ಆರ್. ಪೇಟೆಯ ಕರೆಂಟಾಫೀಸಿನಲ್ಲಿ ಹಿರಿಯ ಸಹಾಯಕಿ. ಫೆಬ್ರವರಿ ಬಂತೆಂದರೆ ಅಲ್ಲಿನ ಲೆಕ್ಕಪತ್ರದ ಶಂಕರ್ ಎಲ್ಲರ ಆದಾಯ ತೆರಿಗೆಯ ಲೆಕ್ಕ ಹಾಕಿ, ಬಾಕಿ ಉಳಿದದ್ದನ್ನು ವರ್ಷದ ಕೊನೆಯ ಸಂಬಳಗಳಲ್ಲಿ ಹಿಡಿಯುತ್ತಾನೆ. ಈ ಸಲ ಯಾರ ಮುಖದಲ್ಲೂ ಆ ಹೆದರಿಕೆ ಇರಲಿಲ್ಲ. ಹೋದ ವರ್ಷದ ಬಜೆಟ್ಟಿನ ದಿನ, ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲವೆಂದು ಟೀವಿಯಲ್ಲಿ ಬಂದಾಗ ಆಫೀಸಿಗೆಲ್ಲ ಮೈಸೂರು ಪಾಕು ಹಂಚಿದವಳೇ ರಂಜಿತ. ಕಳೆಯಬೇಕಾದದ್ದು ಕಳೆದರೆ ಅವಳ ವರ್ಷದ ಸಂಬಳ ಆ ಗೆರೆಯ ಒಳಗೆ, ಅಂಚಿನಲ್ಲಿ, ಉಸಿರು ಬಿಗಿಹಿಡಿದು ನಿಂತಂತೆ ನಿಂತಿತ್ತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಮೊದಲ ಸಲ ಮಾರ್ಚಿನ ಸಂಬಳ ಪೂರ್ತಿ ಕೈಗೆ ಬರುವುದಿತ್ತು.

ಶಂಕರ್ ಒಬ್ಬೊಬ್ಬರನ್ನೇ ಕರೆದು ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ಅವರವರ ಲೆಕ್ಕವನ್ನು ತೆರೆಸಿ ನೋಡುತ್ತಿದ್ದ. ರಂಜಿತಳದ್ದನ್ನು ನೋಡಿದವನು ಕನ್ನಡಕ ತೆಗೆದು ಒರೆಸಿಕೊಂಡ.

"ಮೇಡಂ, ನೀವು ಕಬ್ಬು ಸಾಗಿಸ್ತೀರಾ?"

"ಏನ್ ಶಂಕರ್, ಬೆಳಿಗ್ಗೆ ಬೆಳಿಗ್ಗೆನೇ ತಮಾಷೆ?"

"ತಮಾಷೆ ಮಾಡ್ತಿರೋನು ನಾನಲ್ಲ. ನೋಡಿ, ಸಕ್ಕರೆ ಕಾರ್ಖಾನೆಯವರು ವರ್ಷಪೂರ್ತಿ ನಿಮಗೆ ಸಾಗಾಣಿಕೆ ಬಾಡಿಗೆ ಕೊಟ್ಟಿದಾರೆ. ನೂರಕ್ಕೆ ಒಂದು ರೂಪಾಯಿಯಂತೆ ತೆರಿಗೆ ಹಿಡಿದು, ನಿಮ್ಮ ಪ್ಯಾನ್ ನಂಬರಿಗೆ ಕಟ್ಟಿನೂ ಇದಾರೆ."

ರಂಜಿತಳಿಗೆ ಆಗ ಹೊಳೆಯಿತು. ಹೊಳೆದ ಕೂಡಲೇ ಸಮಾಧಾನವೂ ಆಯಿತು. "ಓ, ಅದಾ? ಅದು ನಮ್ಮ ಭಾವಂದು. ಲೋನು ನನ್ನ ಸಂಬಳದ ಮೇಲೆ ಆಗಿದ್ದಕ್ಕೆ ಗಾಡಿ ನನ್ನ ಹೆಸರಲ್ಲಿದೆ ಅಷ್ಟೆ. ಆ ದುಡ್ಡು ಬರೋ ಅಕೌಂಟಿನ ಕಾರ್ಡೂ ಅವ್ರ ಜೇಬಲ್ಲೇ ಇರತ್ತೆ. ನಾನು ಒಂದು ರೂಪಾಯಿ ಮುಟ್ಟಿಲ್ಲ."

"ಇಲಾಖೆಗೆ ಭಾವ ಗೊತ್ತಿಲ್ಲ ಮೇಡಂ. ಪ್ಯಾನ್ ಗೊತ್ತು."

"ಆದ್ರೂ ಕಬ್ಬಿನ ದುಡ್ಡಿಗೆ ಟ್ಯಾಕ್ಸ್ ಇಲ್ವಲ್ಲ?"

"ಕಬ್ಬು ಬೆಳೆದೋನಿಗೆ ಇಲ್ಲ. ಹೊತ್ತೋನಿಗೆ ಇದೆ."

ಈ ಸೀಮೆಯಲ್ಲಿ ಕಾರ್ಖಾನೆಯಿಂದ ಬಂದದ್ದೆಲ್ಲ ಕಬ್ಬಿನ ದುಡ್ಡೇ. ಬೆಳೆದದ್ದಕ್ಕೆ ಬಂದದ್ದು, ಕಡಿದದ್ದಕ್ಕೆ ಬಂದದ್ದು, ಹೇರಿಕೊಂಡು ಹೋಗಿ ಸುರಿದದ್ದಕ್ಕೆ ಬಂದದ್ದು ಎಂದು ಯಾರೂ ಬೇರೆ ಬೇರೆ ಮಾಡಿ ನೋಡುವುದಿಲ್ಲ. ಕಬ್ಬು ಬೇಸಾಯ, ಬೇಸಾಯಕ್ಕೆ ತೆರಿಗೆಯಿಲ್ಲ, ಅಲ್ಲಿಗೆ ಮುಗಿಯಿತು. ಓದಿದವಳು, ಪ್ರತಿದಿನ ಬಿಲ್ಲುಗಳ ನಡುವೆ ಕೂರುವವಳು ರಂಜಿತ. ಅವಳೂ ಮೂರು ವರ್ಷ ಹಾಗೆಯೇ ಅಂದುಕೊಂಡಿದ್ದಳು. ಇತರೆ ಆದಾಯ ಎಂದಿದ್ದ ಕಡೆಯಲ್ಲೆಲ್ಲ ನಿಶ್ಚಿಂತೆಯಿಂದ 'ಇಲ್ಲ' ಎಂದು ಬರೆದಿದ್ದಳು.

"ಹೋಗ್ಲಿ, ಗೆರೆ ದಾಟಿದ್ದಕ್ಕೆ ಮಾತ್ರ ಕಟ್ಟಿದ್ರೆ ಆಯ್ತಲ್ಲ?"

"ಹಂಗಿದ್ದಿದ್ರೆ ಚೆನ್ನಾಗಿತ್ತು. ರಿಯಾಯಿತಿ ಇರೋದು ಗೆರೆ ಒಳಗಿರೋರಿಗೆ. ಸ್ವಲ್ಪ ದಾಟಿದ್ರೆ ದಾಟಿದಷ್ಟನ್ನ ಇಸ್ಕೊಂಡು ಬಿಟ್ಬಿಡ್ತಾರೆ. ನಿಮ್ಮದು ಸ್ವಲ್ಪ ಅಲ್ಲ. ಈಗ ರಿಯಾಯಿತಿ ಹೋಯ್ತು, ನಾಲ್ಕು ಲಕ್ಷದಿಂದ ಮೇಲಕ್ಕೆ ಇರೋದೆಲ್ಲ ಲೆಕ್ಕಕ್ಕೆ ಬಂತು, ನಿಮ್ಮ ಸಂಬಳ ಸಮೇತ." ಅವನು ಕ್ಯಾಲ್ಕುಲೇಟರು ಒತ್ತಿದ. "ಡೀಸೆಲ್ಲು, ರಿಪೇರಿ ಕಳೆದು ಗಾಡೀಲಿ ಮೂರು ಲಕ್ಷ ಉಳೀತು ಅಂತಿಟ್ಕೊಂಡ್ರೆ ಒಂದು ಲಕ್ಷ ಚಿಲ್ಲರೆ ಆಗತ್ತೆ. ಡೀಸೆಲ್ಲಿನ ಬಿಲ್ಲು ಇದಾವಾ?"

ಬಂಕಿನವನು ಕೊಟ್ಟ ಚೀಟಿಯನ್ನು ಸುರುಳಿ ಸುತ್ತಿ ಕಿವಿ ಕೆರೆದುಕೊಂಡು ಎಸೆಯುವ ರಂಗಸ್ವಾಮಿ ಅವಳ ಕಣ್ಣಮುಂದೆ ಬಂದ.

"ಇಲ್ಲಿಯವರೆಗೆ ಸೊನ್ನೆ ಇತ್ತಲ್ಲ ಶಂಕರ್," ಎಂದಳು ಕಡೆಗೆ, ಅವನೇ ಏನೋ ಕದ್ದವನ ಹಾಗೆ.

"ಇತ್ತು. ಈ ತಿಂಗಳದ್ದು, ಮುಂದಿನ ತಿಂಗಳದ್ದು ಎರಡು ಸಂಬಳದಲ್ಲೂ ಹಿಡಿದುಬಿಡ್ಲಾ? ಹಿಂದಿನ ಎರಡು ವರ್ಷದ್ದೂ ತೆಗೆದು ನೋಡ್ಲಾ?"

"ಬೇಡ. ಈಗ ಬೇಡ."

ಶಂಕರ್ ಕೆಟ್ಟವನಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದ. ಈ ವರ್ಷದ್ದು ಆಗಿಹೋಯಿತು, ತಪ್ಪಿಸಿಕೊಳ್ಳುವ ದಾರಿಯಿಲ್ಲ. ಆದರೆ ಮುಂದಿನ ವರ್ಷ ಅವಳಿಗೆ ಬಡ್ತಿ ಇದೆ. ಸಂಬಳ ಏರುತ್ತದೆ, ಏರಿದ ಮೇಲೆ ಗಾಡಿ ದುಡಿದ ಒಂದೊಂದು ರೂಪಾಯಿಗೂ ಅವಳ ಸಂಬಳದ ತುದಿಗೆ ಬೀಳುವ, ಎಲ್ಲಕ್ಕಿಂತ ಹೆಚ್ಚಿನ ತೆರಿಗೆ ದರವೇ ಬೀಳುತ್ತದೆ. ಗಾಡಿಯ ಲೋನು ಹೋದ ತಿಂಗಳು ತೀರಿದೆ, ಬ್ಯಾಂಕಿನ ಹಿಡಿತ ಇಲ್ಲ. ಈಗಲೇ ಬೇರೆಯವರ ಹೆಸರಿಗೆ ಮಾಡಿಬಿಡಬೇಕು.

"ನಮ್ಮ ಯಜಮಾನ್ರ ಹೆಸರಿಗೆ ಮಾಡ್ಲಾ?"

"ಗಂಡನಿಗೆ ಸುಮ್ಮನೆ ಕೊಟ್ರೆ ಅದರ ಆದಾಯ ತಿರುಗಿ ನಿಮ್ಮ ಲೆಕ್ಕಕ್ಕೇ ಬಂದು ಕೂರತ್ತೆ. ಕಾನೂನೇ ಹಂಗಿದೆ. ಭಾವನ ಹೆಸರಿಗೆ ಮಾಡಿ. ಇಲ್ಲಾಂದ್ರೆ... ಅತ್ತೆ ಇದಾರಾ?"

"ಇದಾರೆ."

"ಅವರಿಗೆ ಬೇರೆ ಆದಾಯ?"

"ಏನಿದೆ? ಏನೂ ಇಲ್ಲ."

"ಮತ್ತೇನು ಯೋಚನೆ! ಅವರ ಹೆಸರಿಗೆ ಮಾಡಿಸಿ. ಒಂದು ಪೈಸೆ ತೆರಿಗೆ ಬರಲ್ಲ. ನಾಗಮಂಗಲದ ಆರ್‌ಟಿಒ ಆಫೀಸಿಗೆ ಹೋಗಿ ಕೊಟ್ಟು ಬಂದ್ರೆ ಮುಗೀತು."

ಇಷ್ಟನ್ನೂ ಅವಳು ಈಗ ಮಡ್‌ಗಾರ್ಡಿನ ಮೇಲೆ ಕೂತು ಭಾವನಿಗೆ ಹೇಳಿದಳು. ರಂಗಸ್ವಾಮಿ ಕೇಳುತ್ತ ಕೇಳುತ್ತ ಒಂದು ಜಲ್ಲೆ ಎಳೆದು ಹಲ್ಲಿನಿಂದ ಸಿಪ್ಪೆ ಸುಲಿದ, ಅಗಿದ, ರಸ ನುಂಗಿ ಉಗುಳಿದ.

"ಕಬ್ಬಿನ್ ದುಡ್ಗೆ ಟ್ಯಾಕ್ಸು ಅಂತ ಯಾವನವ್ವ ಯೋಳ್ದೋನು?"

"ಕಬ್ಬಿಗಲ್ಲ ಭಾವ. ಬಾಡಿಗೆಗೆ."

"ಬಾಡ್ಗೆ ಯಾವುದ್ರುದ್ದು? ಕಬ್ಬಿಂದೇ ತಾನೆ? ನಾನೇನ್ ಇಟ್ಗೆ ಒಡೀತಾ ಇವ್ನಾ?" ಅವನು ಹಿಂದಕ್ಕೆ ತಿರುಗಿ, "ಲೇ ಕುಳ್ಳಯ್ಯ, ನೀನ್ ಬಾಡ್ಗೆ ದುಡ್ಗೆ ಟ್ಯಾಕ್ಸ್ ಕಟ್ಟಿದ್ದೀಯೇನ್ಲಾ?" ಎಂದ.

"ನಾನ್ ಮನೆ ಕಂದಾಯ್ವೇ ಕಟ್ಟಿಲ್ಲ ಬುಡಪ್ಪ!"

"ಕೇಳುದ್ಯಾ?" ಎಂದು ರಂಗಸ್ವಾಮಿ ಅವಳ ಕಡೆ ನೋಡಿದ, ವಾದ ಗೆದ್ದವನಂತೆ.

"ಕುಳ್ಳಯ್ಯನೋರಿಗೆ ಸಂಬಳ ಇಲ್ಲ ಭಾವ. ನನಗಿದೆ. ಎರಡು ತಿಂಗಳ ಸಂಬಳದಲ್ಲಿ ಒಂದು ಲಕ್ಷ ಹೋಗತ್ತೆ. ಗಾಡಿ ದುಡ್ಡಲ್ಲಿ ಅಷ್ಟನ್ನಾದ್ರೂ ಕೊಡಿ."

"ಎಲ್ಲೈತವ್ವ ಗಾಡಿ ದುಡ್ಡು? ಲೋನ್ ತೀರ್ಸಿದ್ ಯಾವ್ದ್ರಲ್ಲಿ? ಅಟ್ಟಿ ಮೇಲೆ ಶೀಟ್ ಒದ್ಸಿದ್ ಯಾವ್ದ್ರಲ್ಲಿ? ನಿನ್ ಮಗೀನ್ ಸ್ಕೂಲ್ ಫೀಜು? ನಾನೇನ್ ನುಂಗಿದ್ದೀನಾ?"

ಅವನು ನುಂಗಿರಲಿಲ್ಲ. ಅದೇ ಕಷ್ಟ. ಕಳ್ಳನಾಗಿದ್ದರೆ ಜಗಳವಾಡಬಹುದಿತ್ತು. ರಾತ್ರಿ ಹಗಲು ಸಾಲಿನಲ್ಲಿ ಕಾದು, ಸೊಂಟ ಹಿಡಿದುಕೊಂಡು ದುಡಿದು, ಬಂದದ್ದನ್ನೆಲ್ಲ ಮನೆಗೆ ಸುರಿದಿದ್ದ. ಅವಳ ಮಗಳ ಬೂಟಿನಲ್ಲೂ ಆ ದುಡ್ಡಿತ್ತು. ಆ ಮನೆಯಲ್ಲಿ ಯಾರೂ ಅವಳಿಗೆ ಅನ್ಯಾಯ ಮಾಡಿರಲಿಲ್ಲ. ಎಲ್ಲರೂ ಸೇರಿ ಅವಳನ್ನು ಒಂದು ಹೆಸರನ್ನಾಗಿ ಮಾಡಿದ್ದರು, ಅಷ್ಟೆ. ತವರು ತೊಣ್ಣೂರಿನಿಂದ ಮದುವೆಯಾಗಿ ಬಂದಾಗ ಮೊದಲು ಕಂತಿನ ಫ್ರಿಜ್ಜು ಅವಳ ಹೆಸರಿಗೆ ಬಂತು. ಆಮೇಲೆ ಗಂಡನ ಬೈಕು. ಆಮೇಲೆ ನಾದಿನಿಯ ಮದುವೆಯ ಸಾಲಕ್ಕೆ ಜಾಮೀನು. ಸಂಬಳದ ಚೀಟಿಯಿರುವ ಒಬ್ಬರು ಮನೆಯಲ್ಲಿದ್ದರೆ ಬ್ಯಾಂಕಿನವರು ಎದ್ದು ನಿಂತು ಮಾತಾಡುತ್ತಾರೆ. ರಂಜಿತ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು ಆರಕ್ಕೆ ವಾಪಸಾಗುತ್ತಿದ್ದಳು. ಅವಳ ಹೆಸರಿಗೆ ಬಿಡುವೇ ಇರಲಿಲ್ಲ, ಅದು ಅವಳಿಗಿಂತ ಹೆಚ್ಚು ದುಡಿಯುತ್ತಿತ್ತು.

"ಸರಿ, ಈ ವರ್ಷದ್ದು ನಾನೇ ಕಟ್ತೀನಿ," ಎಂದಳು. "ಆದ್ರೆ ಗಾಡಿ ನನ್ನ ಹೆಸರಲ್ಲಿ ಇನ್ನು ಇರಬಾರ್ದು."

"ಅಯ್ಯೋ, ಅಂಗಂದ್ರೆ ಎಂಗೆ? ಯುಗಾದಿ ಕಳ್ಕಂಡು ಇನ್ನೊಂದ್ ಟ್ರಾಕ್ಟ್ರು ಎತ್ತಣ ಅಂತಿದ್ದೆ. ಬ್ಯಾಂಕ್ನೋರೇ ಕೇಳುದ್ರು ಕಣವ್ವ. ಹಳೇದು ಕ್ಲೀರಾಗಿ ಕಟ್ಟಿದ್ದೀರ, ಮೇಡಂನ ಕರ್ಕಂಡ್ ಬನ್ನಿ, ಒಂದ್ ರುಜು ಆಕುದ್ರೆ ವಾರದಲ್ಲಿ ಗಾಡಿ ನಿಮ್ ಮನೆ ಮುಂದಿರ್ತದೆ ಅಂದ್ರು."

ರಂಜಿತ ಮಡ್‌ಗಾರ್ಡಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ರಂಜಿತ. ಸಾಲಿನಲ್ಲಿ ಒಂದರ ಹಿಂದೆ ಒಂದು ರಂಜಿತ.

"ಇಲ್ಲ ಭಾವ. ಇನ್ನೊಂದೂ ಇಲ್ಲ, ಇದೂ ಇಲ್ಲ. ನಿಮ್ಮ ಹೆಸರಿಗೆ ಮಾಡ್ಕೊಳ್ಳಿ. ನಾಳೆನೇ ನಾಗಮಂಗಲಕ್ಕೆ ಹೋಗಣ."

"ನನ್ನೆಸ್ರಿಗಾ!" ರಂಗಸ್ವಾಮಿ ನಕ್ಕುಬಿಟ್ಟ. "ಆ ಟಿಲ್ಲರ್ ಸಾಲ ಇನ್ನೂ ಕಟ್ಟಿಲ್ಲ, ಮರ್ತ್ಯಾ? ನನ್ನೆಸ್ರಿಗ್ ಬಂದ ದಿನ್ವೇ ಬ್ಯಾಂಕ್ನೋರು ಬಂದು ಎಳ್ಕಂಡ್ ಓಯ್ತಾರೆ. ಅವ್ವನೆಸ್ರಿಗ್ ಮಾಡ್ಸು ಬೇಕಾದ್ರೆ. ನಾನೇನ್ ಬ್ಯಾಡ ಅಂದ್ನಾ? ಗಾಡಿ ನನ್ ಕೈಲಿದ್ರಾಯ್ತು. ಅವ್ವನ್ ಪಾಸ್‌ಬುಕ್ಕು, ಕಾರ್ಡು ಇಸ್ಕಂಡು ತಂದ್ಕೊಡು, ನಾನೇ ಮಡಿಕ್ಕತೀನಿ."

ಕುಳ್ಳಯ್ಯ ಕಿವಿ ಇತ್ತಲೇ ಇಟ್ಟಿದ್ದ. "ಅಂಗಾರೆ ಇನ್ಮ್ಯಾಕೆ ನಿನ್ನ ನಿಮ್ಮವ್ವನೆಸ್ರು ಇಡ್ಕಂಡು ಚಿಕ್ಕಬೋರಮ್ಮ ಅನ್ಬೇಕೇನ್ಲಾ?"

ಸಾಲಿಗೆ ಸಾಲೇ ನಕ್ಕಿತು. ಮೈಕು ಅಷ್ಟರಲ್ಲಿ "ರಂಜಿತ" ಎಂದು ಕೂಗಿತು. ರಂಗಸ್ವಾಮಿ "ಬಂದೆ" ಎಂದು ಗಾಡಿ ಸ್ಟಾರ್ಟ್ ಮಾಡಿದ. ಅವಳು ಕೆಳಗಿಳಿದು ಧೂಳಿನಲ್ಲಿ ನಿಂತುಕೊಂಡಳು. ಅವಳ ಹೆಸರು ಅಲುಗಾಡುತ್ತ, ಕಬ್ಬಿನ ಸೋಗೆ ಉದುರಿಸುತ್ತ, ಗೇಟಿನೊಳಗೆ ಹೋಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಎದೆಯ ಮೇಲಿದ್ದ ಭಾರ ಸ್ವಲ್ಪ ಇಳಿದಿತ್ತು. ಇಷ್ಟು ಸಲೀಸಾಗಿ ಭಾವ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ. ಗಂಡ ಧರ್ಮೇಂದ್ರನಿಗೆ ಬೆಳಿಗ್ಗೆಯೇ ವಿಷಯ ಹೇಳಿದ್ದಳು; ಈಗ ಮತ್ತೆ ಫೋನು ಮಾಡಿದಳು. ಅವನು ಗದ್ದೆಯಲ್ಲಿದ್ದ, ಹಿಂದೆ ಮೋಟಾರಿನ ಸದ್ದು.

"ಅಣ್ಣ ಏನಂದ?"

"ಅತ್ತೆ ಹೆಸರಿಗೆ ಮಾಡ್ಸು ಅಂದ್ರು."

"ಅಣ್ಣನೇ ಅಂದ್ಮೇಲೆ ಇನ್ನೇನು, ಮಾಡ್ಸು ಬುಡು."

"ನೀವು ಒಂದು ಮಾತು ಅತ್ತೆಗೆ ಹೇಳ್ತೀರಾ?"

"ನಾನ್ಯಾಕೆ? ನೀನೇ ಯೋಳು. ಅವ್ವ ನಿನ್ ಮಾತ್ನ ಯಾವತ್ ತೆಗ್ದಾಕೈತೆ?"

ಅದು ನಿಜವಾಗಿತ್ತು. ಚಿಕ್ಕಬೋರಮ್ಮ ಅತ್ತೆತನ ಮಾಡಿದವಳಲ್ಲ. ರಂಜಿತಳ ಬಾಣಂತನವನ್ನು ತಾನೇ ಮಾಡಿದ್ದಳು, ಅವಳು ಆಫೀಸಿಗೆ ಹೊರಡುವಾಗ ಡಬ್ಬಿ ಕಟ್ಟಿ ಕೊಡುತ್ತಿದ್ದಳು, ಮಕ್ಕಳು ಗಲಾಟೆ ಮಾಡಿದರೆ "ನಿಮ್ಮವ್ವ ದುಡ್ಕಂಡ್ ಬಂದವ್ಳೆ, ಸುಮ್ಕಿರ್ರಿ" ಎಂದು ಗದರುತ್ತಿದ್ದಳು. ಉಳಿದವರ ಹತ್ತಿರ ಕೇಳುವುದು ಕಷ್ಟ. ಅತ್ತೆಯ ಹತ್ತಿರ ಕೇಳುವುದೇ ಬೇಕಿಲ್ಲ, ಹೇಳಿದರೆ ಸಾಕು. ಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ರಂಜಿತ ಜೆರಾಕ್ಸ್ ಅಂಗಡಿಗೆ ಹೋಗಿ ಗಾಡಿ ವರ್ಗಾವಣೆಯ ಅರ್ಜಿಗಳನ್ನು ಕೊಂಡು, ಅಲ್ಲೇ ಕೌಂಟರಿನ ಮೇಲೆ ಬಗ್ಗಿ ಮಾರುವವರ ಜಾಗದಲ್ಲಿ ರುಜು ಹಾಕಿದಳು. ಎಷ್ಟೋ ವರ್ಷದ ಮೇಲೆ ಏನನ್ನೋ ಕೊಡಲಿಕ್ಕೆ ಹಾಕಿದ ರುಜು. ಕೈ ಹಗುರವಾಗಿತ್ತು.

ಮನೆಯ ಹಿತ್ತಲಿನಲ್ಲಿ ಚಿಕ್ಕಬೋರಮ್ಮ ನೆನೆಸಿದ ಅವರೆಕಾಳನ್ನು ಹಿಸುಕುತ್ತ ಕೂತಿದ್ದಳು. ಬೆರಳಿನ ತುದಿಯಲ್ಲಿ ಒತ್ತಿದರೆ ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ಸಂಜೆಯ ಬಿಸಿಲು ಕೊಟ್ಟಿಗೆಯ ಶೀಟಿನ ಮೇಲಿಂದ ಜಾರುತ್ತಿತ್ತು. ರಂಜಿತ ಚೀಲ ಬದಿಗಿಟ್ಟು, ಸೀರೆಯನ್ನೂ ಬದಲಾಯಿಸದೆ, ಎದುರಿಗೆ ಕೂತು ಒಂದು ಹಿಡಿ ಕಾಳು ತೆಗೆದುಕೊಂಡಳು.

"ಕೈ ಕಾಲ್ ತೊಳ್ಕ ಓಗು, ಕಾಪಿ ಕಾಯ್ಸೀನಿ."

"ಆಮೇಲೆ. ಅತ್ತೆ, ಒಂದು ಮಾತಿತ್ತು."

"ಒಂದ್ಯಾಕೆ, ಎಲ್ಡ್ ಆಡು."

ರಂಜಿತ ಹೇಳಿದಳು. ಲೆಕ್ಕವನ್ನೆಲ್ಲ ಬಿಟ್ಟು, ಗಾಡಿ ತನ್ನ ಹೆಸರಿನಲ್ಲಿರುವುದರಿಂದ ತನ್ನ ಸಂಬಳಕ್ಕೂ ಕತ್ತರಿ ಬೀಳುತ್ತಿದೆ, ಅತ್ತೆಯ ಹೆಸರಿಗೆ ಬಂದರೆ ಯಾರಿಗೂ ಏನೂ ಕಟ್ಟುವಂತಿಲ್ಲ ಎಂಬಷ್ಟನ್ನೇ ಹೇಳಿದಳು. ಚಿಕ್ಕಬೋರಮ್ಮ ಕಾಳು ಹಿಸುಕುತ್ತಲೇ ಕೇಳಿದಳು.

"ನನ್ನೆಸ್ರಿಗ್ ಬಂದ್ರೆ ನಾನೇ ಒಡೀಬೇಕೇನಮ್ಮಿ ಟ್ರಾಕ್ಟ್ರ?"

"ಇಲ್ಲ ಅತ್ತೆ!" ರಂಜಿತ ನಕ್ಕಳು. "ಭಾವನೇ ಹೊಡೀತಾರೆ. ನೀವು ಎಲ್ಲಿಗೂ ಹೋಗ್ಬೇಕಿಲ್ಲ, ಏನೂ ಮಾಡ್ಬೇಕಿಲ್ಲ. ನಾಗಮಂಗಲಕ್ಕೆ ಒಂದ್ಸಲ ನನ್ನ ಜೊತೆ ಬಂದ್ರೆ ಸಾಕು."

"ದುಡ್ಡು ಎಲ್ಗೆ ಬತ್ತದೆ?"

"ನಿಮ್ಮ ಅಕೌಂಟಿಗೆ."

"ಯಾವ್ ಅಕೌಂಟು?"

"ಅದೇ, ಗೃಹಲಕ್ಷ್ಮಿ ದುಡ್ಡು ಬರತ್ತಲ್ಲ, ಅದಕ್ಕೇ."

ಚಿಕ್ಕಬೋರಮ್ಮನ ಬೆರಳುಗಳು ನಿಂತವು. "ಕಾರ್ಡು ಯಾರ್ ತಾವ್ ಇರ್ತದೆ?"

ರಂಜಿತ ಕಾಳಿನ ಕಡೆ ನೋಡಿದಳು. "ಭಾವ ಇಟ್ಕೊತೀನಿ ಅಂದ್ರು. ಡೀಸೆಲ್ಲಿಗೆ ಅದು ಇದಕ್ಕೆ ಬೇಕಾಗತ್ತಲ್ಲ. ನಿಮ್ಮ ಎರಡು ಸಾವಿರ ಎಲ್ಲಿಗೂ ಹೋಗಲ್ಲ ಅತ್ತೆ, ತಿಂಗಳಾ ತಿಂಗಳಾ ನಾನೇ ಬಿಡಿಸಿ ನಿಮ್ಮ ಕೈಗೆ ಕೊಡ್ತೀನಿ."

ಹೇಳಿ ಮುಗಿಸಿದಾಗ ಅವಳಿಗೆ ತನ್ನ ದನಿ ಎಲ್ಲಿಯೋ ಕೇಳಿದ ದನಿಯ ಹಾಗೆ ಅನ್ನಿಸಿತು. ಸೀಟಿನಲ್ಲಿ ಕೂತು ಕಬ್ಬು ಅಗಿಯುವ ದನಿ.

ಚಿಕ್ಕಬೋರಮ್ಮ ಕೈಯಲ್ಲಿದ್ದ ಸಿಪ್ಪೆಯನ್ನು ದನದ ಕಲಗಚ್ಚಿನ ತೊಟ್ಟಿಗೆ ಎಸೆದು, ಸೆರಗಿಗೆ ಕೈ ಒರೆಸಿಕೊಂಡಳು. "ತಿಂಗ್ಳಿಗೊಂದ್ ಸಲ ನಾನು ನನ್ ತಂಗಿ ಮನ್ಗೆ ಓಯ್ತೀನಲ್ಲ, ಗೊತ್ತಲ್ಲ ನಿಂಗೆ?"

"ಗೊತ್ತು."

"ನಾನ್ ಓಗಾದು ತಂಗಿ ಮನ್ಗಲ್ಲ."

ರಂಜಿತ ತಲೆಯೆತ್ತಿದಳು.

"ಪೇಟೇಲಿ ದುಡ್ ಬುಡಿಸ್ಕತೀನಿ. ಎಬ್ಬೆಟ್ ಒತ್ತುದ್ರೆ ಬ್ಯಾಂಕ್ ಮಿಷಿನ್ ಮಡಿಕ್ಕಂಡಿರೋ ಹುಡ್ಗ ಎಣಿಸ್ ಕೊಡ್ತನೆ. ಆಮ್ಯಾಕೆ ಪಾಂಡುಪುರದ ಬಸ್ ಅತ್ತಿ, ಅಲ್ಲಿಂದ ಇನ್ನೊಂದ್ ಬಸ್ಸು. ಟಿಕೀಟಿಲ್ಲ ಕಾಸಿಲ್ಲ. ಶ್ರೀರಂಗಪಟ್ಟಣದಲ್ಲಿ ಇಳ್ಕಂಡು ಒಳೆ ತಾವ್ ಓಗಿ ಮೆಟ್ಲು ಮೇಲ್ ಕೂತ್ಕತೀನಿ. ನೀರ್ನಾಗ್ ಕಾಲ್ ಬುಟ್ಕಂಡು. ಅಸ್ವಾದ್ರೆ ಚುರುಮುರಿ ತಿಂತೀನಿ. ಬಿಸ್ಲು ಇಳುದ್ ಮ್ಯಾಲೆ ಎದ್ ಬತ್ತೀನಿ."

"ಒಬ್ಬರೇನಾ?"

"ಮೊನ್ನೆ ಒಬ್ಬ ಮಾಸ್ಟ್ರು ಇಂಗೇ ಕೇಳುದ್ರು. ಯಾರ್ ಜತೇಲಿ ಬಂದಿದ್ದೀರಮ್ಮ ಅಂತ. ಯಾರ್ ಜತೇಲೂ ಇಲ್ಲ ಅಂದೆ." ಚಿಕ್ಕಬೋರಮ್ಮ ಅದನ್ನು ಇನ್ನೊಂದು ಸಲ ಬಾಯಲ್ಲಿ ಹೊರಳಿಸಿ ರುಚಿ ನೋಡಿದಂತೆ ಹೇಳಿದಳು. "ಯಾರ್ ಜತೇಲೂ ಇಲ್ಲ. ನಿಮ್ ಮಾವ ಇದ್ದಾಗ ಜಮೀನು ನನ್ನೆಸ್ರಲ್ಲಿ ಮಾಡುಸ್ದ. ಎಷ್ಟ್ ಕಾಗ್ದಕ್ಕೆ ಎಬ್ಬೆಟ್ ಒತ್ತಿವ್ನಿ ನಂಗೇ ಗೊತ್ತಿಲ್ಲ. ರಂಗ ಟಿಲ್ಲರ್ ತಂದಾಗ್ಲೂ ಒತ್ತಿವ್ನಿ. ಬ್ಯಾಂಕ್ನೋರು ಮನೆ ತಾವ್ ಬಂದು ನನ್ನೆಸ್ರು ಇಡ್ಕಂಡ್ ಕೂಗುದ್ರೆ ಇದೇ ಕೊಟ್ಗೇಲಿ ಬಚ್ಚಿಟ್ಕಂಡಿವ್ನಿ. ಈ ಅಕೌಂಟು ಒಂದೇ ಕಣಮ್ಮಿ, ಅದ್ರಲ್ಲಿ ನಾನ್ ಬುಟ್ರೆ ಇನ್ಯಾರೂ ಇಲ್ಲ."

ರಂಜಿತ ಕೈಯಲ್ಲಿದ್ದ ಕಾಳನ್ನು ಕೆಳಗಿಟ್ಟಳು. "ಬೇರೆ ಅಕೌಂಟು ತೆಗೆಸಣ," ಎಂದಳು. "ಅದನ್ನ ಮುಟ್ಟೋದೇ ಬೇಡ. ಹೊಸದರ ಕಾರ್ಡು ನೀವೇ ಇಟ್ಕೊಳ್ಳಿ."

"ನೀನ್ ನಿನ್ ಕಾರ್ಡ್ ಮಡಿಕ್ಕಂಡಿದ್ದೀಯಾ?"

ಕೊಟ್ಟಿಗೆಯಲ್ಲಿ ಎಮ್ಮೆ ಕತ್ತು ಕೊಡವಿತು. ಒಳಗಿನಿಂದ ಮಕ್ಕಳು ಟೀವಿಯ ರಿಮೋಟಿಗೆ ಕಿತ್ತಾಡುವ ಸದ್ದು ಬರುತ್ತಿತ್ತು.

"ಭಾವ ಇನ್ನೊಂದು ಟ್ರಾಕ್ಟರು ತರ್ತಾರಂತೆ ಅತ್ತೆ. ಅದೂ ನನ್ನ ಹೆಸರಲ್ಲಿ," ಎನ್ನುವಾಗ ರಂಜಿತ ಅತ್ತುಬಿಟ್ಟಳು. "ಇದನ್ನ ಈಗ ಕಳ್ಕೊಂಡ್ರೆ ಅದಕ್ಕೂ ಇಲ್ಲ ಅನ್ನಬಹುದು. ಇದು ಇರೋವರೆಗೂ ನಾನು ಹೆಂಗೆ ಇಲ್ಲ ಅನ್ಲಿ? ಒಂದಕ್ಕೆ ಹಾಕಿದ್ದೀಯ, ಇನ್ನೊಂದಕ್ಕೆ ಹಾಕು ಅಂತಾರೆ. ಭಾವಂಗೆ ಆಗಲ್ಲ, ಇವರಿಗೆ ಕೊಟ್ರೆ ಟ್ಯಾಕ್ಸ್ ನಂಗೇ ವಾಪಸ್ ಬರತ್ತೆ. ಇನ್ನು ಇರೋದು ನೀವೊಬ್ರೇ. ನಾನು ಯಾರನ್ನ ಕೇಳ್ಲಿ?"

ಚಿಕ್ಕಬೋರಮ್ಮ ಅವಳ ತಲೆ ಸವರಿದಳು. ಬೆರಳುಗಳಲ್ಲಿ ಅವರೆಯ ಸೊಗಡಿನ ವಾಸನೆ ಇತ್ತು. "ಅಳಬ್ಯಾಡ ಮಗ. ನನ್ ಅಕೌಂಟಲ್ಲಿ ಒಂದಿಷ್ಟ್ ಐತೆ, ಯಾರ್ಗೂ ಯೋಳಿಲ್ಲ. ಎಲ್ಲಾ ತಗ. ಟ್ಯಾಕ್ಸ್ ಕಟ್ಕ. ನಾಳೀಕೇ ಬುಡಿಸ್ಕೊಡ್ತೀನಿ."

"ದುಡ್ಡು ಬೇಡ ಅತ್ತೆ." ರಂಜಿತ ಕಣ್ಣೊರೆಸಿಕೊಂಡು ಚೀಲದಿಂದ ಅರ್ಜಿಗಳನ್ನು ತೆಗೆದಳು. ಒದ್ದೆಯಿಲ್ಲದ ಜಾಗ ನೋಡಿ ನೆಲದ ಮೇಲೆ ಹಾಸಿ, ಗಾಳಿಗೆ ಹಾರದಂತೆ ಅಂಗೈಯಿಂದ ಒತ್ತಿ ಹಿಡಿದುಕೊಂಡಳು. "ನೋಡಿ, ನಂದು ಹಾಕಿಬಿಟ್ಟಿದ್ದೀನಿ. ನಿಮ್ಮದೊಂದೇ ಬಾಕಿ. ಪೂರ್ತಿ ನಿಮ್ಮದಾಗತ್ತೆ ಅತ್ತೆ ಗಾಡಿ. ಭಾವಂದಲ್ಲ, ನಂದಲ್ಲ, ನಿಮ್ಮದು. ಬೇಡ ಅನ್ಸಿದ ದಿನ ಮಾರ್ಕೊಳ್ಳಿ, ನಾನು ನಿಮ್ಮ ಪರ ನಿಲ್ತೀನಿ. ಆಣೆ ಮಾಡಿ ಹೇಳ್ತೀನಿ."

ಚಿಕ್ಕಬೋರಮ್ಮ ಕಾಗದದ ಮೇಲೆ ಖಾಲಿಯಿದ್ದ ಜಾಗವನ್ನು ನೋಡಿದಳು. ಸೊಸೆಯ ಮುಖ ನೋಡಿದಳು. ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಸೇರಿಸಿಕೊಂಡಳು.

"ಬ್ಯಾಡ," ಎಂದಳು. "ನಂಗ್ ಗಾಡಿ ಬ್ಯಾಡ."